ಮನೆಯಲ್ಲೇ ಜೋಡಿಸಿದ ಫೈಲ್ ಸರ್ವರ್: ಡಿಸ್ಕ್ ಎರರ್ ಬಂದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸ್ಕ್‌ಗಳು ಬಂದವು, ಕ್ಯಾಬಿನೆಟ್ ಒಳಗೆ ಕೂತವು, ಸರ್ವರ್ ಆನ್ ಆಯಿತು. ಮೂರನೇ ದಿನ ಪರದೆ ಮೇಲೆ ಕೆಂಪು ಅಕ್ಷರ. ಈ ಪ್ರಶ್ನೋತ್ತರ ಇರುವುದು ಆ ಮೂರನೇ ದಿನಕ್ಕೆ. ಸರ್ವರ್ ಮೇಲೆ ಲಿನಕ್ಸ್ ಓಡುತ್ತಿದೆ ಎಂದುಕೊಂಡು ಬರೆದಿದ್ದೇನೆ. ಟ್ರೂನಾಸ್ ಸ್ಕೇಲ್ ಇರಲಿ, ಓಪನ್‌ಮೀಡಿಯಾವಾಲ್ಟ್ ಇರಲಿ, ಬರೀ ಡೆಬಿಯನ್ ಮೇಲೆ ಸಾಂಬಾ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಸಾಫ್ಟ್‌ವೇರ್) ಹಾಕಿರಲಿ, ಒಳಗಿನ ಕಥೆ ಒಂದೇ.

ಎರರ್ ಬಂತು. ಮೊದಲು ಏನು ಮಾಡಲಿ?

ರೀಬೂಟ್ ಮಾಡಬೇಡಿ. ಎಲ್ಲರ ಕೈಯೂ ಮೊದಲು ಹೋಗುವುದು ಅಲ್ಲಿಗೇ, ಗೊತ್ತು. ಆದರೆ ಏನಾಯಿತು ಅನ್ನುವ ಸುಳಿವು ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಲಾಗ್‌ನಲ್ಲಿರುತ್ತೆ. ಲಾಗ್ ಉಳಿಸಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ರೀಬೂಟ್ ಆದ ಕೂಡಲೇ ಅದು ಹೋಯಿತು. ಡಿಮೆಸೇಜ್ (dmesg) ಕಮಾಂಡ್ ಕೊಟ್ಟು ಬಂದದ್ದನ್ನೆಲ್ಲ ಒಂದು ಫೈಲ್‌ಗೆ ಹಾಕಿ, ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ತೊಂದರೆ ಕೊಡುತ್ತಿರುವ ಡಿಸ್ಕ್ ಮೇಲೆ ಮಾತ್ರ ಬರೆಯಬೇಡಿ.

ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಸರ್ವರ್‌ನಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಫೈಲ್ ಏನಾದರೂ ಇದೆಯಾ? ಇದ್ದರೆ ಮೊದಲು ಅದನ್ನು ಹೊರಗೆ ತೆಗೆಯಿರಿ. ರಿಪೇರಿ ಆಮೇಲೆ. ಸುಮ್ನೆ ಕುತೂಹಲಕ್ಕೆ ಎಫ್‌ಎಸ್‌ಸಿಕೆ (fsck, ಫೈಲ್ ಸಿಸ್ಟಂ ರಿಪೇರಿ ಮಾಡುವ ಕಮಾಂಡ್) ಓಡಿಸಿ, ಅರ್ಧ ಓದಲು ಬರುತ್ತಿದ್ದ ಡಿಸ್ಕನ್ನು ಪೂರ್ತಿ ಓದಲು ಬಾರದ ಹಾಗೆ ಮಾಡಿಕೊಂಡವರು ಬಹಳ ಜನ.

ಎಲ್ಲವೂ ಹೊಸ ಡಿಸ್ಕ್. ಹೊಸದು ಹೇಗೆ ಕೆಡುತ್ತೆ?

ಕೆಡಬಹುದು. ಹಾರ್ಡ್ ಡಿಸ್ಕ್‌ಗಳು ಹೊಸದರಲ್ಲೇ ಕೈಕೊಡುವುದುಂಟು. ಕೊರಿಯರ್‌ನಲ್ಲಿ ಬಿದ್ದು ಎದ್ದು ಬಂದಿದ್ದರಂತೂ ಹೇಳುವುದೇ ಬೇಡ. ಆದರೆ ಹೊಸದಾಗಿ ಜೋಡಿಸಿದ ಸರ್ವರ್‌ನಲ್ಲಿ ನಾನು ಮೊದಲು ಅನುಮಾನಪಡುವುದು ಡಿಸ್ಕನ್ನಲ್ಲ, ನಾವು ಕೈಯಾರೆ ಜೋಡಿಸಿದ್ದನ್ನು: ಡಿಸ್ಕ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ಸಾಟಾ ಕೇಬಲ್, ಪವರ್ ಕನೆಕ್ಟರ್, ಸ್ಪ್ಲಿಟರ್, ಪೋರ್ಟ್ ಹೆಚ್ಚಿಸುವ ಕಾರ್ಡ್, ರ‍್ಯಾಮ್. ಡಿಸ್ಕ್ ಕಾರ್ಖಾನೆಯಲ್ಲಿ ಪರೀಕ್ಷೆ ಮುಗಿಸಿ ಬಂದಿದೆ. ನಿಮ್ಮ ಕೇಬಲ್ ಜೋಡಣೆಯನ್ನು ಯಾರೂ ಪರೀಕ್ಷೆ ಮಾಡಿಲ್ಲ, ಅಲ್ವಾ?

ಆರು ಡಿಸ್ಕ್ ಹಾಕಿದ್ದೇನೆ, ಬಯಾಸ್‌ನಲ್ಲಿ ಐದೇ ಕಾಣುತ್ತೆ. ಆರನೆಯದು ಎಲ್ಲಿ?

ಕಾಣದ ಡಿಸ್ಕ್ ತಿರುಗುತ್ತಿದೆಯಾ ಅಂತ ಮೊದಲು ನೋಡಿ. ಬೆರಳಿಟ್ಟರೆ ಸಣ್ಣ ಕಂಪನ ಗೊತ್ತಾಗುತ್ತೆ.

ತಿರುಗುತ್ತಿದೆ, ಆದರೂ ಕಾಣುತ್ತಿಲ್ಲ ಅಂದರೆ ಮದರ್‌ಬೋರ್ಡ್ ಮ್ಯಾನುಯಲ್ ತೆಗೆಯಿರಿ. ಎಷ್ಟೋ ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್‌ಗೆ ಎಸ್‌ಎಸ್‌ಡಿ ಹಾಕಿದರೆ ಒಂದೋ ಎರಡೋ ಸಾಟಾ ಪೋರ್ಟ್ ತಾನಾಗೇ ಬಂದ್ ಆಗುತ್ತೆ. ಯಾವ ಪೋರ್ಟ್ ಅನ್ನುವುದು ಮ್ಯಾನುಯಲ್‌ನ ಯಾವುದೋ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತೆ. ಕೇಬಲನ್ನು ಪಕ್ಕದ ಪೋರ್ಟ್‌ಗೆ ಹಾಕಿ ನೋಡಿದರೂ ಗೊತ್ತಾಗುತ್ತೆ.

ತಿರುಗುತ್ತಲೇ ಇಲ್ಲ ಅಂದರೆ ಪವರ್ ಕಡೆ ನೋಡಿ. ಯುಎಸ್‌ಬಿ ಬಾಕ್ಸ್ ಒಡೆದು ಒಳಗಿನ ಡಿಸ್ಕ್ ತೆಗೆದು ಹಾಕಿದ್ದೀರಾ? ಹಾಗಿದ್ದರೆ ಇದು 3.3 ವೋಲ್ಟ್ ಪಿನ್ ತಕರಾರು ಇರಬಹುದು. ಸಾಟಾ ನಿಯಮಾವಳಿಯ 3.3ನೇ ಆವೃತ್ತಿ ಬಂದ ಮೇಲೆ ಪವರ್ ಕನೆಕ್ಟರ್‌ನ ಮೂರನೇ ಪಿನ್‌ಗೆ ಹೊಸ ಕೆಲಸ ಕೊಟ್ಟರು. ಅಲ್ಲಿ ವೋಲ್ಟೇಜ್ ಬಂದರೆ ಡಿಸ್ಕ್ ಆಫ್ ಆಗಬೇಕು. ಹಳೆಯ ಎಸ್‌ಎಂಪಿಎಸ್‌ಗಳು (ಸರ್ವರ್‌ಗೆ ಪವರ್ ಕೊಡುವ ಪೆಟ್ಟಿಗೆ) ಆ ಪಿನ್‌ಗೆ ಯಾವಾಗಲೂ 3.3 ವೋಲ್ಟ್ ಕೊಡುತ್ತವೆ. ಹಾಗಾಗಿ ಡಿಸ್ಕ್ ಏಳುವುದೇ ಇಲ್ಲ. ಆ ಪಿನ್ ಮೇಲೆ ಶಾಖ ತಡೆಯುವ ಕಾಪ್ಟಾನ್ (Kapton) ಟೇಪಿನ ಸಣ್ಣ ಚೂರು ಅಂಟಿಸಿದರೆ ಸಾಕು, ಏಳುತ್ತೆ.

ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಬಿಚ್ಚಿ ಹಾಕುವ ಕೇಬಲ್‌ನ ಎಸ್‌ಎಂಪಿಎಸ್ ಇದ್ದರೆ, ಇನ್ನೊಂದು ಎಸ್‌ಎಂಪಿಎಸ್‌ನ ಕೇಬಲ್ ತಂದು ಅದಕ್ಕೆ ಹಾಕಬೇಡಿ. ಪ್ಲಗ್ ಸರಿಯಾಗೇ ಕೂರುತ್ತೆ. ಒಳಗಿನ ವೈರ್ ಕ್ರಮ ಮಾತ್ರ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದ ಕಡೆ 12 ಹೋದರೆ ಎಲ್ಲ ಡಿಸ್ಕ್‌ಗಳೂ ಒಂದೇ ಏಟಿಗೆ ಹೋಗುತ್ತವೆ.

ಸ್ಮಾರ್ಟ್ ವರದಿಯಲ್ಲಿ ಇಪ್ಪತ್ತು ಸಾಲು ಇದೆ. ಯಾವುದನ್ನು ನೋಡಬೇಕು?

ಸ್ಮಾರ್ಟ್ ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ. ಅದರಲ್ಲಿ ನಾಲ್ಕು ಸಾಲು ಸಾಕು. ನಾನು ಹೇಳುವ ಸಾಲಿನ ಸಂಖ್ಯೆ ಎಡಗಡೆಯ ಐಡಿ ನಂಬರ್, ಮೇಲಿಂದ ಎಣಿಸಿದ್ದಲ್ಲ. ಕೊನೆಯ ಕಾಲಂನಲ್ಲಿರುವ ಕಚ್ಚಾ ಸಂಖ್ಯೆ ನೋಡಿ, ಮಧ್ಯದ 100, 200ಗಳನ್ನು ಬಿಡಿ.

5ನೇ ಸಾಲು, ರೀಅಲೊಕೇಟೆಡ್ ಸೆಕ್ಟರ್. ಕೆಟ್ಟ ಜಾಗವನ್ನು ಬಿಟ್ಟು ಮೀಸಲು ಜಾಗಕ್ಕೆ ಹೋದ ಲೆಕ್ಕ ಇದು. 197, ಪೆಂಡಿಂಗ್ ಸೆಕ್ಟರ್. ಓದಲು ಬರುತ್ತಿಲ್ಲ, ಏನು ಮಾಡಬೇಕು ಅಂತ ಡಿಸ್ಕ್ ಇನ್ನೂ ತೀರ್ಮಾನ ಮಾಡಿಲ್ಲ. 198, ಡಿಸ್ಕ್ ತಾನೇ ಪರೀಕ್ಷೆ ಮಾಡಿಕೊಂಡಾಗ ಓದಲಾಗದೆ ಹೋದದ್ದು. 199, ಸಿಆರ್‌ಸಿ ಎರರ್. ಕೇಬಲ್‌ನಲ್ಲಿ ಓಡಾಡುವಾಗ ಡೇಟಾ ಕೆಟ್ಟ ಲೆಕ್ಕ.

ಮೊದಲ ಮೂರು ಡಿಸ್ಕ್‌ನ ಆರೋಗ್ಯ. ಕೊನೆಯದು ದಾರಿಯ ಆರೋಗ್ಯ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು.

197ರಲ್ಲಿ 8 ಅಂತ ಕಂಡು ಮರುದಿನ 0 ಆದರೆ ಗಾಬರಿ ಬೇಡ. ಆ ಜಾಗದ ಮೇಲೆ ಹೊಸದಾಗಿ ಬರೆದಾಗ ಸರಿಯಾಗಿ ಕೂತರೆ ಲೆಕ್ಕ ಇಳಿಯುತ್ತೆ. ಕೂರದಿದ್ದರೆ ಬೇರೆ ಜಾಗಕ್ಕೆ ಹೋಗಿ 5ನೇ ಸಾಲು ಏರುತ್ತೆ. ಸಂಖ್ಯೆ ಎಷ್ಟಿದೆ ಅನ್ನುವುದಕ್ಕಿಂತ ಏರುತ್ತಿದೆಯಾ ಅನ್ನುವುದು ಮುಖ್ಯ. ಹೊಸ ಡಿಸ್ಕ್‌ನಲ್ಲಿ ಮಾತ್ರ ನನ್ನ ನಿಯಮ ಬಿಗಿ. ಮೊದಲ ತಿಂಗಳಲ್ಲಿ 5 ಅಥವಾ 198 ಸೊನ್ನೆ ಬಿಟ್ಟು ಮೇಲೆದ್ದರೆ ವಾರಂಟಿಗೆ ವಾಪಸ್.

ವರದಿಯ ಮೇಲೆ 'ಪಾಸ್ಡ್' ಅಂತ ಇದೆಯಲ್ಲ ಅಂತ ಕೇಳುತ್ತಾರೆ. ಅದನ್ನು ನಂಬಬೇಡಿ. ಸಾಯುವ ದಿನದವರೆಗೂ ಪಾಸ್ ಆದ ಡಿಸ್ಕ್‌ಗಳಿವೆ.

1ನೇ ಸಾಲಿನ ರೀಡ್ ಎರರ್ ರೇಟ್‌ನಲ್ಲಿ ಕೋಟಿಗಟ್ಟಲೆ ಸಂಖ್ಯೆ ಇದೆ! ಡಿಸ್ಕ್ ಹೋಯಿತಾ?

ಸೀಗೇಟ್ ಡಿಸ್ಕ್ ಅಲ್ವಾ? ಅದರಲ್ಲಿ ಎರರ್ ಲೆಕ್ಕ ಮತ್ತು ಒಟ್ಟು ಓದಿನ ಲೆಕ್ಕ ಎರಡನ್ನೂ ಒಂದೇ ಸಂಖ್ಯೆಯೊಳಗೆ ತುರುಕಿರುತ್ತಾರೆ. ಅದು ಹಾಗೇ ಕಾಣುತ್ತೆ. ಬಿಟ್ಟುಬಿಡಿ.

199 ಏರುತ್ತಲೇ ಇದೆ. ಏನು ಮಾಡಲಿ?

ಇಂದಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 47 ಅಂತ ಇಟ್ಟುಕೊಳ್ಳೋಣ. ಸರ್ವರ್ ಆಫ್ ಮಾಡಿ, ಆ ಡಿಸ್ಕ್‌ನ ಸಾಟಾ ಕೇಬಲ್ ಬದಲಿಸಿ. ಕ್ಲಿಪ್ ಇರುವ ಕೇಬಲ್ ಹಾಕಿ, 'ಟಕ್' ಅನ್ನುವವರೆಗೂ ಒತ್ತಿ. ಆನ್ ಮಾಡಿ 50 ಜಿಬಿಯಷ್ಟು ಫೈಲ್ ಕಾಪಿ ಮಾಡಿ. ಮತ್ತೆ ನೋಡಿ. 47ರಲ್ಲೇ ನಿಂತಿದ್ದರೆ ಕೆಲಸ ಆಯಿತು. ಈ ಸಂಖ್ಯೆ ಯಾವತ್ತೂ ಸೊನ್ನೆಗೆ ಇಳಿಯುವುದಿಲ್ಲ, ನಿಲ್ಲಬೇಕಷ್ಟೇ. ಇಳಿಯಲಿಲ್ಲ ಅಂತ ಡಿಸ್ಕ್ ವಾಪಸ್ ಕಳಿಸಿದವರಿದ್ದಾರೆ, ಪಾಪ.

52 ಆಗಿದ್ದರೆ? ಈಗ ಕೇಬಲ್ ಹಾಗೇ ಇರಲಿ, ಮದರ್‌ಬೋರ್ಡ್ ಕಡೆಯ ಪೋರ್ಟ್ ಬದಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಕೇಬಲ್, ಪೋರ್ಟ್, ಪವರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಎರರ್ ಹೋಗಬಹುದು, ಆದರೆ ಯಾವುದರಿಂದ ಹೋಯಿತು ಅಂತ ಗೊತ್ತಾಗದು. ಕೆಟ್ಟ ಕೇಬಲ್ ಮತ್ತೆ ಡಬ್ಬಿ ಸೇರುತ್ತೆ, ಆರು ತಿಂಗಳ ಮೇಲೆ ಮತ್ತೆ ನಿಮ್ಮ ಕೈಗೇ ಬರುತ್ತೆ.

ಲಾಗ್‌ನಲ್ಲೂ ಇದೇ ಭೇದ ಕಾಣುತ್ತೆ. ಎರರ್ ಸಾಲಿನಲ್ಲಿ 'ಐಸಿಆರ್‌ಸಿ' (ICRC) ಅಂತಿದ್ದರೆ ದಾರಿಯ ತಪ್ಪು. 'ಯುಎನ್‌ಸಿ' (UNC) ಅಂತಿದ್ದರೆ ಡಿಸ್ಕ್‌ಗೆ ತನ್ನ ಪ್ಲೇಟಿನಿಂದಲೇ ಓದಲಾಗುತ್ತಿಲ್ಲ. ಲಿಂಕ್ ವೇಗ 6 ಗಿಗಾಬಿಟ್‌ನಿಂದ 3ಕ್ಕೆ, ಆಮೇಲೆ 1.5ಕ್ಕೆ ಇಳಿದಿದೆ ಅಂತ ಸಾಲು ಕಂಡರೂ ಮೊದಲು ಕೇಬಲನ್ನೇ ಹಿಡಿಯಿರಿ.

ಸುಮ್ಮನಿದ್ದಾಗ ಸರಿ. ಜಾಸ್ತಿ ಕೆಲಸ ಕೊಟ್ಟರೆ ಡಿಸ್ಕ್ ಮಾಯವಾಗುತ್ತೆ, ಮತ್ತೆ ಬರುತ್ತೆ. ಯಾಕೆ?

ಇದು ನನ್ನನ್ನೇ ಎರಡು ರಾತ್ರಿ ಕೂರಿಸಿದ ತಕರಾರು. ಆರು ಡಿಸ್ಕ್. ಬ್ಯಾಕಪ್ ಶುರುವಾದ ಹತ್ತು ನಿಮಿಷಕ್ಕೆ ಲಾಗ್‌ನಲ್ಲಿ 'ಹಾರ್ಡ್ ರೀಸೆಟ್ಟಿಂಗ್ ಲಿಂಕ್', ಅದೂ ಐದನೇ ಪೋರ್ಟ್‌ನಲ್ಲಿ ಮಾತ್ರ. ಕೇಬಲ್ ಬದಲಿಸಿದೆ, ಹೋಗಲಿಲ್ಲ. ಡಿಸ್ಕನ್ನೇ ಬದಲಿಸಿದೆ. ಹೊಸ ಡಿಸ್ಕ್‌ನಲ್ಲೂ ಅದೇ ಹಾಡು. ಕೊನೆಗೆ ಸರ್ವರ್ ಓಡುತ್ತಿರುವಾಗಲೇ ಟಾರ್ಚ್ ಹಿಡಿದು ನೋಡಿದರೆ, ಐದನೇ ಡಿಸ್ಕ್ ನೇತಾಡುತ್ತಿದ್ದದ್ದು ಒಂದರಿಂದ ನಾಲ್ಕು ಮಾಡುವ ಪವರ್ ಸ್ಪ್ಲಿಟರ್‌ನ ಕೊನೆಯ ತುದಿಯಲ್ಲಿ. ಕನೆಕ್ಟರ್ ಮುಟ್ಟಿದರೆ ಬಿಸಿ. ಸ್ವಲ್ಪ ಅಲ್ಲಾಡಿಸಿದೆ, ಡಿಸ್ಕ್ 'ಕ್ಲಿಕ್' ಅಂತ ನಿಂತೇ ಹೋಯಿತು.

ಲೆಕ್ಕ ನೋಡಿ. ಒಂದು ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 4.5. ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವಾಗ ಹತ್ತಿರ ಹತ್ತಿರ 2 ಆಂಪಿಯರ್ ಎಳೆಯುತ್ತೆ. ನಾಲ್ಕು ಡಿಸ್ಕ್ ಒಟ್ಟಿಗೆ ಎದ್ದರೆ 8. ಒಂದು ಕನೆಕ್ಟರ್ ಹೊರುವ ಭಾರ ಅದಲ್ಲ. ಎಸ್‌ಎಂಪಿಎಸ್‌ನಿಂದ ನೇರ ಬರುವ ಕನೆಕ್ಟರ್‌ಗಳನ್ನು ಮೊದಲು ಬಳಸಿ. ಸ್ಪ್ಲಿಟರ್ ಬೇಕೇಬೇಕು ಅಂದರೆ ಒಂದರಿಂದ ಎರಡು ಸಾಕು. ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್‌ಗಳಲ್ಲಿ, ವೈರ್ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಬಗೆಯದನ್ನು ತರಲೇಬೇಡಿ. ಒಳಗೆ ವೈರ್‌ಗಳು ಒಂದಕ್ಕೊಂದು ತಾಗಿ ಕರಗಿ ಬೆಂಕಿ ಹೊತ್ತಿಕೊಂಡ ಉದಾಹರಣೆಗಳಿವೆ.

ಝಡ್‌ಎಫ್‌ಎಸ್‌ನಲ್ಲಿ ಚೆಕ್‌ಸಮ್ ಎರರ್ ಬರುತ್ತಿದೆ, ಸ್ಮಾರ್ಟ್ ಮಾತ್ರ ಶುಚಿಯಾಗಿದೆ. ಯಾರು ಸುಳ್ಳು ಹೇಳುತ್ತಿದ್ದಾರೆ?

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಝಡ್‌ಎಫ್‌ಎಸ್ ಅಂದರೆ ಡೇಟಾ ಜೊತೆ ಚೆಕ್‌ಸಮ್ ಅನ್ನುವ ತಾಳೆ ಸಂಖ್ಯೆಯನ್ನೂ ಬರೆದಿಡುವ ಫೈಲ್ ಸಿಸ್ಟಂ. ಝಡ್‌ಪೂಲ್ ಸ್ಟೇಟಸ್ ಕಮಾಂಡ್ (zpool status) ಕೊಟ್ಟರೆ ಪ್ರತಿ ಡಿಸ್ಕ್ ಎದುರು ಮೂರು ಕಾಲಂ ಬರುತ್ತೆ: ರೀಡ್, ರೈಟ್, ಚೆಕ್‌ಸಮ್. ಮೊದಲೆರಡು ಏರಿದರೆ ಡಿಸ್ಕ್ ಅಥವಾ ಕೇಬಲ್ 'ಆಗಲ್ಲ' ಅಂತ ಬಾಯಿಬಿಟ್ಟು ಹೇಳಿದೆ. ಮೂರನೆಯದು ಮಾತ್ರ ಏರಿದರೆ, ಡಿಸ್ಕ್ 'ತಗೋ' ಅಂತ ಡೇಟಾ ಕೊಟ್ಟಿದೆ, ಆದರೆ ಕೊಟ್ಟದ್ದು ಬರೆದಿಟ್ಟದ್ದಲ್ಲ.

ಈಗ ಎಣಿಕೆ ಹೇಗೆ ಹರಡಿದೆ ನೋಡಿ. ಒಂದೇ ಡಿಸ್ಕ್ ಎದುರು 30 ಇದ್ದು ಉಳಿದವು ಸೊನ್ನೆ ಇದ್ದರೆ ಆ ಡಿಸ್ಕ್, ಅದರ ಕೇಬಲ್. ಎಲ್ಲ ಡಿಸ್ಕ್ ಎದುರೂ 12, 12, 13, 12 ಅಂತ ಇದ್ದರೆ ಎಲ್ಲ ಡಿಸ್ಕ್‌ಗಳೂ ಒಂದೇ ದಿನ ಕೆಟ್ಟಿರಲು ಸಾಧ್ಯವಾ? ಎಲ್ಲಕ್ಕೂ ಸೇರಿದ್ದು ಯಾವುದು ಅಂತ ಯೋಚಿಸಿ. ರ‍್ಯಾಮ್, ಕಂಟ್ರೋಲರ್ ಕಾರ್ಡ್, ಎಸ್‌ಎಂಪಿಎಸ್. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ. ರ‍್ಯಾಮ್‌ಗೆ ಎಕ್ಸ್‌ಎಂಪಿ ಹಾಕಿ ವೇಗ ಏರಿಸಿದ್ದರೆ ತೆಗೆಯಿರಿ. ಫೈಲ್ ಸರ್ವರ್‌ಗೆ ಅದರಿಂದ ಮೂರು ಕಾಸಿನ ಲಾಭವಿಲ್ಲ.

ಕಾರಣ ಸರಿಪಡಿಸಿದ ಮೇಲೆ ಝಡ್‌ಪೂಲ್ ಕ್ಲಿಯರ್ ಕೊಟ್ಟು ಎಣಿಕೆ ಅಳಿಸಿ, ಆಮೇಲೆ ಒಂದು ಸ್ಕ್ರಬ್ (ಎಲ್ಲ ಡೇಟಾ ಓದಿ ತಾಳೆ ನೋಡುವುದು). ಕಾರಣ ಹುಡುಕದೆ ಬರೀ ಕ್ಲಿಯರ್ ಮಾಡಿದರೆ ಥರ್ಮಾಮೀಟರ್ ಒದರಿ ಇಟ್ಟ ಹಾಗೆ.

ರೇಡ್‌ನಿಂದ ಒಂದು ಡಿಸ್ಕ್ ಹೊರಬಿತ್ತು. ಪರೀಕ್ಷೆ ಮಾಡಿದರೆ ಚೆನ್ನಾಗೇ ಇದೆ. ಇದೇನು?

ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದಾಗಿ ಬಳಸುವ ಜೋಡಣೆ. ಹೊರಬಿದ್ದದ್ದು ಡೆಸ್ಕ್‌ಟಾಪ್‌ಗೆ ಅಂತ ಮಾಡಿದ ಡಿಸ್ಕ್ ಇರಬೇಕು. ಓದಲು ಕಷ್ಟವಾದ ಜಾಗ ಸಿಕ್ಕಾಗ ಅಂಥ ಡಿಸ್ಕ್ ಹಟ ಹಿಡಿದು ಮತ್ತೆ ಮತ್ತೆ ಪ್ರಯತ್ನಿಸುತ್ತೆ, ಕೆಲವೊಮ್ಮೆ ಒಂದೆರಡು ನಿಮಿಷ. ಒಂಟಿ ಡಿಸ್ಕ್ ಇದ್ದರೆ ಅದು ಒಳ್ಳೆಯದೇ. ಆದರೆ ಲಿನಕ್ಸ್ ಕರ್ನಲ್ ಕಾಯುವುದು 30 ಸೆಕೆಂಡ್. ಉತ್ತರ ಬರಲಿಲ್ಲ ಅಂದರೆ ಲಿಂಕ್ ರೀಸೆಟ್ ಮಾಡುತ್ತೆ, ರೇಡ್ ಅದನ್ನು ಸತ್ತ ಡಿಸ್ಕ್ ಅಂತ ಹೊರಗೆ ಹಾಕುತ್ತೆ. ನಾಸ್‌ಗೆಂದೇ (ಇಂಥ ಫೈಲ್ ಸರ್ವರ್‌ಗೆಂದೇ) ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಚೆಲ್ಲಿ 'ಬರಲ್ಲ' ಅನ್ನುತ್ತವೆ. ರೇಡ್ ಬೇರೆ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತೆ.

ಈ ಗುಣಕ್ಕೆ ಎಸ್‌ಸಿಟಿ ಇಆರ್‌ಸಿ ಅಂತ ಹೆಸರು. ಸ್ಮಾರ್ಟ್‌ಸಿಟಿಎಲ್ (smartctl) ಕಮಾಂಡ್‌ನಿಂದ ನೋಡಬಹುದು, ಇದ್ದರೆ 70 ಅಂತ ಕೊಡಬಹುದು. ಅದು ಸೆಕೆಂಡಿನ ಹತ್ತನೇ ಭಾಗದ ಲೆಕ್ಕ. ಪವರ್ ಹೋಗಿ ಬಂದರೆ ಅದು ಮರೆತುಹೋಗುವುದೇ ಜಾಸ್ತಿ, ಹಾಗಾಗಿ ಬೂಟ್ ಸ್ಕ್ರಿಪ್ಟ್‌ನಲ್ಲಿ ಹಾಕಿ. ಡಿಸ್ಕ್‌ನಲ್ಲಿ ಆ ಸೌಲಭ್ಯವೇ ಇಲ್ಲದಿದ್ದರೆ ಕರ್ನಲ್ ಕಾಯುವ ಸಮಯವನ್ನೇ 180 ಸೆಕೆಂಡಿಗೆ ಏರಿಸಿ.

ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಶುರು ಮಾಡಿದೆ. ಮೊದಲು ಓಡಿತು, ಈಗ ತೆವಳುತ್ತಿದೆ.

ಮಾಡೆಲ್ ನಂಬರ್ ಹುಡುಕಿ ಅದು ಎಸ್‌ಎಂಆರ್ ಡಿಸ್ಕಾ ಅಂತ ನೋಡಿ. ಅಂಥ ಡಿಸ್ಕ್‌ನಲ್ಲಿ ಹೆಂಚು ಹೊದಿಸಿದ ಹಾಗೆ ಒಂದು ಟ್ರ್ಯಾಕ್ ಮೇಲೆ ಇನ್ನೊಂದು ಸ್ವಲ್ಪ ಏರಿರುತ್ತೆ. ನಡುವಿನ ಒಂದನ್ನು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಮೊದಲು ಸಿಎಂಆರ್ (ಟ್ರ್ಯಾಕ್‌ಗಳು ಬೇರೆಬೇರೆಯಾಗಿರುವ) ಜಾಗದ ಬಫರ್ ತುಂಬುವವರೆಗೆ ಜೋರು, ಆಮೇಲೆ ಸೆಕೆಂಡಿಗೆ ಕೆಲವೇ ಎಂಬಿ. ಫೋಟೋ ಇಟ್ಟು ಸುಮ್ಮನಿರುವ ಒಂಟಿ ಡಿಸ್ಕ್‌ಗೆ ಎಸ್‌ಎಂಆರ್ ಪರವಾಗಿಲ್ಲ. ರೇಡ್‌ಗೂ ಝಡ್‌ಎಫ್‌ಎಸ್‌ಗೂ ಬೇಡ.

4 ಟಿಬಿ ಅಂತ ಕೊಂಡೆ, 3.6 ತೋರಿಸುತ್ತೆ.

ಮೋಸ ಏನೂ ಇಲ್ಲ. ಡಬ್ಬಿ ಮೇಲೆ ಸಾವಿರದ ಲೆಕ್ಕ, ಸಿಸ್ಟಂನಲ್ಲಿ 1024ರ ಲೆಕ್ಕ. 4 ಟಿಬಿ ಅಂದರೆ 3.64 ಟಿಐಬಿ. ಆದರೆ 2 ಟಿಬಿ ಆಸುಪಾಸಿನಲ್ಲೇ ನಿಂತಿದ್ದರೆ ಹಳೆಯ ಎಂಬಿಆರ್ ಪಾರ್ಟಿಷನ್ ಹಾಕಿದ್ದೀರಿ. ಜಿಪಿಟಿ ಮಾಡಿ. ಡಿಸ್ಕ್ ಖಾಲಿ ಇದ್ದರೆ ಈಗಲೇ.

ಇದ್ದಕ್ಕಿದ್ದ ಹಾಗೆ ಏನೂ ಸೇವ್ ಆಗುತ್ತಿಲ್ಲ. 'ರೀಡ್ ಓನ್ಲಿ' ಅನ್ನುತ್ತೆ.

ಫೈಲ್ ಸಿಸ್ಟಂ ಏನೋ ತಪ್ಪು ಕಂಡು ತನ್ನನ್ನು ತಾನೇ ಬೀಗ ಹಾಕಿಕೊಂಡಿದೆ. ಇಎಕ್ಸ್‌ಟಿ4 ಅನ್ನುವ ಲಿನಕ್ಸ್ ಫೈಲ್ ಸಿಸ್ಟಂನಲ್ಲಿ ಇದು ಒಳ್ಳೆಯ ಅಭ್ಯಾಸ. ಬಲವಂತವಾಗಿ ಮತ್ತೆ ಬರೆಯುವ ಹಾಗೆ ಮೌಂಟ್ ಮಾಡಬೇಡಿ. ಲಾಗ್‌ನಲ್ಲಿ ಅದಕ್ಕೂ ಮೊದಲಿನ ಸಾಲುಗಳನ್ನು ಓದಿ. ಬೀಗಕ್ಕೆ ಕಾರಣ ಅಲ್ಲೇ ಮೇಲಿರುತ್ತೆ, ಹೆಚ್ಚಿನ ಸಲ ಡಿಸ್ಕ್ ರೀಸೆಟ್. ಕಾಪಿ ತೆಗೆದು, ಕಾರಣ ಸರಿಪಡಿಸಿ, ಅನ್‌ಮೌಂಟ್ ಮಾಡಿ, ಆಮೇಲೆ ಎಫ್‌ಎಸ್‌ಸಿಕೆ.

ಒಬ್ಬ ಬಳಕೆದಾರರಿಗೆ ಮಾತ್ರ ಬರೆಯಲು ಆಗುತ್ತಿಲ್ಲ, ಉಳಿದವರಿಗೆ ಆಗುತ್ತಿದೆ ಅಂದರೆ ಅದು ಡಿಸ್ಕ್ ತಕರಾರೇ ಅಲ್ಲ. ಸಾಂಬಾ ಅನುಮತಿ ನೋಡಿ.

'ಜಾಗ ಇಲ್ಲ' ಅನ್ನುತ್ತೆ. ಡಿಸ್ಕ್‌ನಲ್ಲಿ ಜಾಗ ಇದೆ!

ಮೂರು ಕಡೆ ನೋಡಿ. ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡುವಾಗ ಶೇ. 5 ಜಾಗವನ್ನು ರೂಟ್‌ಗೆ (ಸರ್ವರ್‌ನ ಮುಖ್ಯ ಬಳಕೆದಾರನಿಗೆ) ಅಂತ ಎತ್ತಿಡುತ್ತೆ. 4 ಟಿಬಿಯಲ್ಲಿ ಅದೇ 200 ಜಿಬಿ. ಬರೀ ಫೈಲ್ ಇಡುವ ಡಿಸ್ಕ್‌ಗೆ ಶೇ. 1 ಮಾಡಿದರೂ ನಡೆಯುತ್ತೆ. ಎರಡನೆಯದು ಐನೋಡ್, ಪ್ರತಿ ಫೈಲ್‌ಗೂ ಒಂದರಂತೆ ಬೇಕಾಗುವ ದಾಖಲೆ: ಕೋಟಿಗಟ್ಟಲೆ ಚಿಕ್ಕ ಫೈಲ್ ಇದ್ದರೆ ಜಾಗಕ್ಕಿಂತ ಮೊದಲು ಅದು ಮುಗಿಯಬಹುದು. ಮೂರನೆಯದು ಝಡ್‌ಎಫ್‌ಎಸ್ ಸ್ನ್ಯಾಪ್‌ಶಾಟ್, ಅಂದರೆ ಒಂದು ಕ್ಷಣದಲ್ಲಿ ಎಲ್ಲವೂ ಹೇಗಿತ್ತೋ ಹಾಗೇ ಹಿಡಿದಿಟ್ಟದ್ದು. ಅಳಿಸಿದ ಫೈಲ್ ಹಳೆಯ ಸ್ನ್ಯಾಪ್‌ಶಾಟ್‌ನಲ್ಲಿ ಬದುಕಿರುತ್ತೆ, ಜಾಗ ವಾಪಸ್ ಬರುವುದಿಲ್ಲ.

ಕಾಪಿ ವೇಗ ಸೆಕೆಂಡಿಗೆ 11 ಎಂಬಿ. ಡಿಸ್ಕ್ ನಿಧಾನವಾ?

ಅಲ್ಲ, ನೆಟ್‌ವರ್ಕ್. 11 ಅನ್ನುವುದು 100 ಮೆಗಾಬಿಟ್ ಲಿಂಕ್‌ನ ಗುರುತು. ಗಿಗಾಬಿಟ್ ಆಗಿದ್ದರೆ 110ರ ಆಸುಪಾಸು ಬರಬೇಕು. ಲ್ಯಾನ್ ಕೇಬಲ್‌ನ ಒಂದು ಜೋಡಿ ವೈರ್ ಕಿತ್ತಿರಬಹುದು.

ಪೋರ್ಟ್ ಸಾಲದು. ಯಾವ ಕಾರ್ಡ್ ಹಾಕಲಿ?

ಎಲ್‌ಎಸ್‌ಐ 9211-8ಐ ಬಗೆಯ ಹಳೆಯ ಎಚ್‌ಬಿಎ (ಡಿಸ್ಕ್ ಪೋರ್ಟ್ ಹೆಚ್ಚಿಸುವ) ಕಾರ್ಡ್‌ಗಳು ಇಂದಿಗೂ ಚೆನ್ನಾಗಿವೆ, ಆದರೆ ಡಿಸ್ಕ್‌ಗಳನ್ನು ಇದ್ದ ಹಾಗೇ ತೋರಿಸುವ ಐಟಿ ಮೋಡ್ ಫರ್ಮ್‌ವೇರ್ ಇರಬೇಕು. ರೇಡ್ ಫರ್ಮ್‌ವೇರ್ ಇದ್ದರೆ ಕಾರ್ಡ್ ನಡುವೆ ನಿಂತು ಡಿಸ್ಕನ್ನು ಮರೆಮಾಡುತ್ತೆ. ಇವು ಗಾಳಿ ಜೋರಾಗಿ ಬೀಸುವ ಸರ್ವರ್ ಪೆಟ್ಟಿಗೆಗೆ ಅಂತ ಮಾಡಿದವು. ಮನೆಯ ಸದ್ದಿಲ್ಲದ ಕ್ಯಾಬಿನೆಟ್‌ನಲ್ಲಿ ಕಾದು ಕೆಂಡವಾಗಿ ಎಲ್ಲ ಡಿಸ್ಕ್ ಒಟ್ಟಿಗೆ ಬೀಳಿಸುತ್ತವೆ. ಹೀಟ್‌ಸಿಂಕ್ ಎದುರು ಒಂದು ಚಿಕ್ಕ ಫ್ಯಾನ್ ಇಡಿ.

ಕಾರ್ಡ್ ಕಾಣುತ್ತೆ, ಡಿಸ್ಕ್ ಒಂದೂ ಕಾಣಲ್ಲ ಅಂದರೆ ಕೇಬಲ್ ನೋಡಿ. ಒಂದರಿಂದ ನಾಲ್ಕು ಸಾಟಾ ಆಗುವ ಬ್ರೇಕ್‌ಔಟ್ ಕೇಬಲ್‌ನಲ್ಲಿ ಫಾರ್ವರ್ಡ್, ರಿವರ್ಸ್ ಅಂತ ಎರಡು ಬಗೆ. ನೋಡಲು ಅವಳಿ ಜವಳಿ. ಕಾರ್ಡ್‌ನಿಂದ ಡಿಸ್ಕ್‌ಗೆ ಬೇಕಾದದ್ದು ಫಾರ್ವರ್ಡ್.

ಹೊಸ ಡಿಸ್ಕ್‌ಗೆ ಡೇಟಾ ಹಾಕುವ ಮೊದಲು ಪರೀಕ್ಷೆ ಬೇಕಾ?

ಬೇಕು. ಮೊದಲು ಸ್ಮಾರ್ಟ್ ಲಾಂಗ್ ಟೆಸ್ಟ್. 8 ಟಿಬಿಗೆ ಅರ್ಧ ದಿನವಾದರೂ ಹಿಡಿಯುತ್ತೆ. ತಾಳ್ಮೆ ಇದ್ದರೆ ಬ್ಯಾಡ್‌ಬ್ಲಾಕ್ಸ್ (badblocks) ಕಮಾಂಡ್‌ನ ಬರೆಯುವ ಪರೀಕ್ಷೆ: ನಾಲ್ಕು ಸಲ ಬರೆದು ನಾಲ್ಕು ಸಲ ಓದುತ್ತೆ, ಅಷ್ಟೇ ಡಿಸ್ಕ್‌ಗೆ ನಾಲ್ಕು ದಿನ. ಅದು ಡಿಸ್ಕ್‌ನಲ್ಲಿರುವ ಎಲ್ಲವನ್ನೂ ಅಳಿಸುತ್ತೆ, ಹಾಗಾಗಿ ಖಾಲಿ ಡಿಸ್ಕ್‌ಗೆ ಮಾತ್ರ. ಮುಗಿದ ಮೇಲೆ 5, 197, 198, 199 ನೋಡಿ.

ಯಾವ ಡಿಸ್ಕ್ ಕೆಟ್ಟಿದೆ ಅಂತ ಗೊತ್ತಾಯಿತು, ಎಸ್‌ಡಿಸಿ. ಕ್ಯಾಬಿನೆಟ್‌ನಲ್ಲಿ ಎಸ್‌ಡಿಸಿ ಯಾವುದು?

ಒಳ್ಳೆಯ ಪ್ರಶ್ನೆ, ಕೈ ಹಾಕುವ ಮೊದಲು ಕೇಳಿದ್ದು ಇನ್ನೂ ಒಳ್ಳೆಯದು. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳು ಬೂಟ್‌ನಿಂದ ಬೂಟ್‌ಗೆ ಅದಲು ಬದಲಾಗಬಹುದು. ಇಂದಿನ ಎಸ್‌ಡಿಸಿ ನಾಳೆ ಎಸ್‌ಡಿಡಿ. ಒಂದು ಡಿಸ್ಕ್ ಹೋಗಿರುವ ರೇಡ್ 5ರಿಂದ ತಪ್ಪಿ ಒಳ್ಳೆಯ ಡಿಸ್ಕ್ ಎಳೆದರೆ ಇಡೀ ರೇಡ್ ಅಲ್ಲೇ ನಿಲ್ಲುತ್ತೆ. ಸ್ಮಾರ್ಟ್ ವರದಿಯ ಮೇಲ್ಭಾಗದಲ್ಲಿ ಸೀರಿಯಲ್ ನಂಬರ್ ಇರುತ್ತೆ. ಡಿಸ್ಕ್ ಮೇಲಿನ ಚೀಟಿಯಲ್ಲೂ ಅದೇ ಇರುತ್ತೆ. ಸರ್ವರ್ ಆಫ್ ಮಾಡಿ, ಎರಡನ್ನೂ ಒಂದೊಂದೇ ಅಕ್ಷರ ಹೋಲಿಸಿ, ಆಮೇಲೆ ಎಳೆಯಿರಿ.

ಇನ್ನೂ ಕ್ಯಾಬಿನೆಟ್ ಮುಚ್ಚಿಲ್ಲದಿದ್ದರೆ ಹೀಗೆ ಮಾಡಿ: ಸೀರಿಯಲ್ ನಂಬರ್‌ನ ಕೊನೆಯ ನಾಲ್ಕು ಅಕ್ಷರವನ್ನು ಚಿಕ್ಕ ಚೀಟಿಯಲ್ಲಿ ಬರೆದು, ಡಿಸ್ಕ್‌ನ ಹೊರಗೆ ಕಾಣುವ ಅಂಚಿಗೆ ಅಂಟಿಸಿ. ಅದೇ ನಾಲ್ಕು ಅಕ್ಷರವನ್ನು ಸಾಟಾ ಕೇಬಲ್‌ನ ಮದರ್‌ಬೋರ್ಡ್ ತುದಿಗೂ ಅಂಟಿಸಿ. ಒಂದು ಫೋಟೋ ತೆಗೆದು ಫೋನ್‌ನಲ್ಲಿಟ್ಟುಕೊಳ್ಳಿ. ಸರ್ವರ್ ಒಳಗೇ ಇಡಬೇಡಿ, ಬೇಕಾದಾಗ ಅದು ತೆರೆಯದು.